ಸೂಲಂಗಿ ಜಡೆ

ಇನ್ಶೂರೆನ್ಸ್ ಆಫೀಸಿನ ಕೆಲಸ ಬಿಟ್ಟು ಮದುವೆ ಹೂವಿನ ಕೆಲಸಕ್ಕೆ ಇಳಿಯುತ್ತೇನೆ ಅಂದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಒಂದು ಮೊಳ ಹೂವಾದ್ರೂ ನೆಟ್ಟಗೆ ಕಟ್ಟೋಕೆ ಬರುತ್ತೇನಮ್ಮ ನಿಂಗೆ?"

ಬರುತ್ತಿರಲಿಲ್ಲ. ನಾನು ಕಟ್ಟಿದ್ದನ್ನು ಮುಡಿದು ದೇವಸ್ಥಾನಕ್ಕೆ ಹೋದವರು ವಾಪಸ್ ಬರುವಾಗ ಬರೀ ಬಾಳೆನಾರು ಮುಡಿದುಕೊಂಡು ಬರುತ್ತಿದ್ದರು.

ಅದಕ್ಕೇ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಪಕ್ಕ ಮೂರು ತಿಂಗಳು ಕೂತೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಅವರು ಗಿರಾಕಿ ಜೊತೆ ಜಗಳ ಆಡುತ್ತಾ, ಚಿಲ್ಲರೆ ಎಣಿಸುತ್ತಾ, ಕಣ್ಣು ಬೇರೆಲ್ಲೋ ಇಟ್ಟು ಕಟ್ಟುತ್ತಾರೆ. ನಾನು ಉಸಿರು ಬಿಗಿಹಿಡಿದು ಕಟ್ಟಬೇಕು. ಇನ್ನೊಂದು ವಿಷಯವೂ ಅಲ್ಲೇ ಕಲಿತೆ. ಮಾರು ಅನ್ನೋದು ಕೊಳ್ಳುವಾಗ ಒಂದು ಉದ್ದ, ಮಾರುವಾಗ ಇನ್ನೊಂದು ಉದ್ದ.

ಮೊದಲನೇ ಆರ್ಡರ್ ಮೊಗ್ಗಿನ ಜಡೆ. ಹಿಂದಿನ ದಿನ ಮಧ್ಯಾಹ್ನವೇ ಹೊಲಿದು ಅಡುಗೆಮನೆಯಲ್ಲಿ ಇಟ್ಟೆ. ಮಲ್ಲಿಗೆ ಸಂಜೆ ಮೇಲೆ ಅರಳುತ್ತೆ ಅನ್ನೋದು ನನಗೆ ಮರೆತಿತ್ತು, ಮಲ್ಲಿಗೆಗೆ ಮರೆತಿರಲಿಲ್ಲ. ಬೆಳಿಗ್ಗೆ ಡಬ್ಬಿ ತೆಗೆದರೆ ಜಡೆ ಕುರಿಮರಿ ಥರ ಉಬ್ಬಿ ಮಲಗಿತ್ತು. ಆವತ್ತಿನಿಂದ ಬಾಳೆಎಲೆ, ಒದ್ದೆ ಬಟ್ಟೆ, ಫ್ರಿಜ್ಜು. ನಮ್ಮನೆ ಮೊಸರಿಗೆ ವರ್ಷಪೂರ್ತಿ ಮಲ್ಲಿಗೆ ಘಮ.

ಆಮೇಲೆ ಬಂದಳು ಮಂಡ್ಯದ ಹುಡುಗಿ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. "ಎಲ್ಲರ ಥರ ಬೇಡ ಅಕ್ಕಾ, ನನ್ನದೇ ಅನ್ನೋ ಥರ ಇರಬೇಕು. ಅಪ್ಪ ಕಬ್ಬಿನ ದುಡ್ಡಲ್ಲೇ ನನ್ನನ್ನ ಓದಿಸಿದ್ದು. ಜಡೇಲಿ ಕಬ್ಬು ಬೇಕು."

ಜಲ್ಲೆಯನ್ನ ಹೆಣೆಯೋಕಾಗುತ್ತಾ? ಸೂಲಂಗಿ ನೆನಪಾಯಿತು. ಚಳಿಗಾಲದಲ್ಲಿ ಕಬ್ಬಿನ ತುದಿಯಲ್ಲಿ ಬೆಳ್ಳಿ ಗರಿಯ ಹಾಗೆ ಬರುತ್ತಲ್ಲ, ಅದು. ಆ ಹೊತ್ತಿಗೆ ಮಲ್ಲಿಗೆ ರೇಟು ಬೇರೆ ಮುಟ್ಟೋ ಹಾಗಿರಲಿಲ್ಲ. ಕಾಕಡ ಮೊಗ್ಗಿನಲ್ಲಿ ಜಡೆ ಹೊಲಿದು, ನಡುನಡುವೆ ಕನಕಾಂಬರ ಇಟ್ಟು, ತುದಿಗೆ ಕುಚ್ಚಿನ ಬದಲು ಸೂಲಂಗಿ ಕಟ್ಟಿದೆ. ಉದುರದ ಹಾಗೆ ಹೇರ್ ಸ್ಪ್ರೇ ಹೊಡೆದೆ. ಸುಳ್ಳೇಕೆ, ಚೆನ್ನಾಗೇ ಇತ್ತು.

ಛತ್ರದಲ್ಲಿ ಹುಡುಗಿಯ ಅಪ್ಪ ನೋಡಿದರು. "ಏನವ್ವಾ ಇದು! ಸೂಲಂಗಿ ಬಂತು ಅಂದ್ರೆ ಕಬ್ಬು ಕೆಟ್ಟಂಗೆ. ಬೆಂಡಾಯ್ತದೆ, ತೂಕ ಹೊಂಟೋಯ್ತದೆ. ಅದ್ನ ತಂದು ಮಗಳ ತಲೆಗೆ ಮಡಗಿದ್ದೀಯಲ್ಲ!"

ಬದಲಾಯಿಸೋಕೆ ಟೈಮ್ ಎಲ್ಲಿತ್ತು? ಮುಹೂರ್ತ ಬಂದೇಬಿಟ್ಟಿತು. ತಾಳಿ ಕಟ್ಟಲು ಅನುಕೂಲ ಆಗಲಿ ಅಂತ ಹುಡುಗನ ತಂಗಿ ಜಡೆ ಎತ್ತಿ ಹಿಡಿದಳು. ಪಕ್ಕದಲ್ಲೇ ಸ್ಟ್ಯಾಂಡ್ ಫ್ಯಾನು. ಸೂಲಂಗಿ ಬಿಚ್ಚಿಕೊಂಡಿತು. ಮದುಮಗನ ಬಾಸಿಂಗ, ಅಕ್ಷತೆ ತಟ್ಟೆ, ಫೋಟೋದವನ ಲೆನ್ಸು, ಎಲ್ಲಾ ಕಡೆ ಬಿಳಿ ತುಪ್ಪಳ. ಪುರೋಹಿತರು ಕೈ ಎತ್ತಿ "ಗಟ್ಟಿಮೇ..." ಅಂದವರು ಮುಗಿಸಲಿಲ್ಲ. "ಆಕ್ಷೀ!"

ವಾಲಗದವರು ಅದನ್ನೇ ಸೂಚನೆ ಅಂದುಕೊಂಡು ಊದಿಬಿಟ್ಟರು. ಅರ್ಧ ಛತ್ರ ಅಕ್ಷತೆ ಹಾಕಿತು. ತಾಳಿ ಇನ್ನೂ ಹುಡುಗನ ಕೈಯಲ್ಲೇ ಇತ್ತು.

"ನಿಲ್ಸಿ!" ಅಂದರು ಹುಡುಗಿಯ ಅಜ್ಜಿ. ವಾಲಗ ನಿಂತಿತು. "ಒಂಟಿ ಸೀನು ಆಗಾಕಿಲ್ಲ. ಇನ್ನೊಂದು ಸೀನಿ ಸ್ವಾಮಿ."

ಪುರೋಹಿತರು ಪಾಪ, ಪ್ರಯತ್ನ ಪಟ್ಟರು. ಮೂಗು ಹಿಂಡಿದರು, ಲೈಟು ನೋಡಿದರು, ಬಾಯಿ ತೆರೆದು ಕಾದರು. ಬರಲಿಲ್ಲ. ವಾಚು ನೋಡಿದವರೇ ಬೆವತರು. ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮಂಟಪ ಹತ್ತಿದರು, ಜಡೆಯ ತುದಿ ಹಿಡಿದು ಪುರೋಹಿತರ ಮೂಗಿನ ಕೆಳಗೆ ಎರಡು ಸಲ ಆಡಿಸಿದರು.

"ಆಕ್ಷೀ!"

"ಹೂಂ, ಕಟ್ಟಪ್ಪಾ ಈಗ."

ಊಟ ಆದಮೇಲೆ ದುಡ್ಡು ಇಸ್ಕೊಳ್ಳೋಕೆ ಹೋದೆ. ಹುಡುಗಿಯ ಅಪ್ಪನ ಭುಜದ ಮೇಲೆ ಇನ್ನೂ ತುಪ್ಪಳ ಇತ್ತು. "ಸೂಲಂಗಿ ಬಂದ ಮಾಲು ಕಣವ್ವಾ," ಅಂತ ನಗುತ್ತಾ, ನೂರು ರೂಪಾಯಿ ಮುರಿದುಕೊಂಡೇ ಕೊಟ್ಟರು.