ಲಂಗರು ಕೋಟಿನ ಮೇಯರ್ ಸಾಹೇಬರು

1975ರ ಹಾಲಿವುಡ್ ಚಿತ್ರ 'ಜಾಸ್' ನೋಡಿದವರೆಲ್ಲ ಶಾರ್ಕ್ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕಣ್ಣಿಗೆ ಕಟ್ಟಿದ್ದು ಮೇಯರ್ ಸಾಹೇಬರ ಕೋಟು. ಅದರ ತುಂಬ ಪುಟ್ಟ ಪುಟ್ಟ ಲಂಗರುಗಳು. ಊರು ಮುಳುಗಿದರೂ ಕುರ್ಚಿ ಕದಲಬಾರದು ಅಂತ ಹೊಲಿಸಿದ್ದಿರಬೇಕು.

ಚಿತ್ರದ ಅಮಿಟಿ ದ್ವೀಪದವರಿಗೆ ಬೇಸಿಗೆಯ ಪ್ರವಾಸಿ ಸೀಸನ್ನೇ ಅನ್ನ. ಜುಲೈ 4ರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ ರಜೆ ಹತ್ತಿರ ಬಂದಿದೆ. ಅಷ್ಟರಲ್ಲಿ ಒಬ್ಬ ಹುಡುಗಿಯ ಶವ ಚೂರಾಗಿ ದಡಕ್ಕೆ ಬರುತ್ತದೆ. ಪೊಲೀಸ್ ಚೀಫ್ ಬ್ರೋಡಿ ಟೈಪ್‌ರೈಟರ್ ಮುಂದೆ ಕೂತು 'ಶಾರ್ಕ್ ದಾಳಿ' ಅಂತ ಕುಟ್ಟುತ್ತಾನೆ. ಸಾಹೇಬರು ಡಾಕ್ಟರನ್ನೇ ಕರೆದುಕೊಂಡು ಬರುತ್ತಾರೆ. ಅದು ದೋಣಿಗೆ ಸಿಕ್ಕ ಸಾವು ಅಂತ ಡಾಕ್ಟರ್ ಮಾತು ಬದಲಿಸುತ್ತಾನೆ. ಶಾರ್ಕಿಗೆ ರಾತ್ರೋರಾತ್ರಿ ಪ್ರೊಪೆಲ್ಲರ್ ಮೂಡಿತು ನೋಡಿ!

ಆಮೇಲೆ ಒಬ್ಬ ಪುಟ್ಟ ಹುಡುಗನೂ ಹೋದ. ಬೆಸ್ತರು ಒಂದು ಟೈಗರ್ ಶಾರ್ಕ್ ಹಿಡಿದು ತಲೆಕೆಳಗಾಗಿ ನೇತುಹಾಕಿದರು. ಸಿಕ್ಕಿದ್ದೇ ಕಳ್ಳ, ಕೇಸ್ ಖಲಾಸ್. ರಾತ್ರಿ ಅದರ ಹೊಟ್ಟೆ ಸೀಳಿದರೆ ಸಿಕ್ಕಿದ್ದು ಲೂಸಿಯಾನಾದ ಕಾರಿನ ನಂಬರ್ ಪ್ಲೇಟು. ಹುಡುಗನ ಸುಳಿವೇ ಇಲ್ಲ.

ಮರುದಿನ ಬ್ರೋಡಿ ಇದನ್ನು ಹೇಳಲು ಹೋದರೆ ಸಾಹೇಬರು ಕೆಂಡಾಮಂಡಲ. ಯಾರ ಮೇಲೆ? ಊರಿನ ಸ್ವಾಗತ ಬೋರ್ಡಿನ ಮೇಲೆ ಶಾರ್ಕಿನ ರೆಕ್ಕೆ ಬರೆದ ಕಿಡಿಗೇಡಿಯ ಮೇಲೆ! ಮನುಷ್ಯರನ್ನು ತಿಂದ ಮೀನಿಗೆ ಮಾಫಿ, ಬಣ್ಣ ಬಳಿದವನಿಗೆ ಮಾತ್ರ ಶಿಕ್ಷೆ ಆಗಲೇಬೇಕು.

ಜುಲೈ 4 ಬಂತು. ಬೀಚ್ ತುಂಬ ಜನ, ನೀರಿಗೆ ಒಬ್ಬರೂ ಇಳಿಯಲೊಲ್ಲರು. ಸಾಹೇಬರು ಪರಿಚಯದ ಒಬ್ಬರ ಹತ್ತಿರ ಬಗ್ಗಿ, ಯಾಕ್ರೀ ಇಳಿದಿಲ್ಲ ಅಂತಾರೆ. ಈಗಷ್ಟೇ ಮೈಗೆ ಲೋಷನ್ ಹಚ್ಚಿಕೊಂಡೆ ಅಂತ ಆತ ತಡವರಿಸುತ್ತಾನೆ. ಕೊನೆಗೆ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ನೀರಿಗಿಳಿಯುತ್ತಾನೆ, ಪಾಪ. ಹಿಂದೆಯೇ ಕುರಿಮಂದೆ. ಸಾಹೇಬರು ಮಾತ್ರ ಕೋಟು ಒದ್ದೆ ಮಾಡಿಕೊಳ್ಳದೆ ಟಿವಿಯವರಿಗೆ ಅಮಿಟಿ ಅಂದರೆ ಸ್ನೇಹ ಅಂತ ವಿವರಿಸುತ್ತಾರೆ. ಶಾರ್ಕೂ ಅದನ್ನೇ ನಂಬಿ ಬಂದಿರಬೇಕು, ಅಲ್ವಾ?

ಅಂದಹಾಗೆ, ಶೂಟಿಂಗಿನಲ್ಲಿ ಯಂತ್ರದ ಶಾರ್ಕ್ ಸಮುದ್ರದ ನೀರಿಗೆ ಪದೇ ಪದೇ ಕೈಕೊಟ್ಟಿತ್ತು. 55 ದಿನದ ಕೆಲಸ 159 ದಿನಕ್ಕೆ ಎಳೆಯಿತು. ಸಾಹೇಬರ ನಾಲಿಗೆ ಮಾತ್ರ ಎಲ್ಲೂ ಕೆಟ್ಟು ನಿಂತಿದ್ದಿಲ್ಲ.

1978ರಲ್ಲಿ ಎರಡನೇ ಭಾಗ ಬಂತು. ಶಾರ್ಕ್ ಹೊಸದು, ಮೇಯರ್ ಅವರೇ. ಈ ಸಲವೂ ಬ್ರೋಡಿ ಶಾರ್ಕ್ ಶಾರ್ಕ್ ಅಂತ ಬಾಯಿ ಬಡಿದುಕೊಂಡ. ಊರಿನ ಕೌನ್ಸಿಲ್ ಸಭೆ ಸೇರಿ ಅವನನ್ನೇ ಕೆಲಸದಿಂದ ತೆಗೆದುಹಾಕಿತು.