ಹಳಿ ಇರಲಿ ಬಿಡಿ ಮಾರಾಯ್ರೆ

ಭಾನುವಾರದಿಂದ ತಲೆ ಕೆಟ್ಟಿದೆ. ಬರೆದು ಹಾಕಿದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತಿದ್ದವರು ಓದಿ.

ಅಮ್ಮ ಬಂದಿದ್ದಾಳೆ, ಗೊತ್ತಲ್ಲ. ದಿನಾ ಸಮುದ್ರ ನೋಡಿ ಬೇಜಾರಾಗಿತ್ತು ಅವಳಿಗೆ. ಅದಕ್ಕೆ ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್ ಊರಿನ ಪಶ್ಚಿಮಕ್ಕಿರುವ ರೈಲ್ ಟ್ರೇಲ್‌ಗೆ ಕರೆದುಕೊಂಡು ಹೋದೆ. 2020ರ ಡಿಸೆಂಬರಿನಲ್ಲಿ ತೆರೆದ ತುಂಡು ಅದು. ಒಂದು ಕಡೆ ಹಳೇ ರೈಲು ಹಳಿ, ಅದರ ಪಕ್ಕದಲ್ಲೇ ನಡೆಯುವವರಿಗೆ, ಸೈಕಲ್ಲಿನವರಿಗೆ ನುಣ್ಣನೆಯ ದಾರಿ. ಅಮ್ಮ ದಾರಿ ನೋಡಲಿಲ್ಲ, ಹಳಿ ನೋಡಿದಳು. ಮರದ ಸ್ಲೀಪರಿನ ಸಂದಿಯಲ್ಲಿ ಎದೆಯೆತ್ತರ ಗಿಡ ಬೆಳೆದಿತ್ತು. ಬಗ್ಗಿ ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಸಿ, ನನ್ನ ಮೂಗಿಗೆ ಹಿಡಿದಳು. "ಸೋಂಪು ಕಣೋ!" ಹೌದು, ಇಲ್ಲಿ ಕಾಡು ಸೋಂಪು ಕಳೆಯ ಹಾಗೆ ಬೆಳೆಯುತ್ತೆ. ಆಮೇಲೆ ಚಪ್ಪಲಿಯ ತುದಿಯಿಂದ ಹಳಿಯ ತುಕ್ಕು ಕೆರೆದು, "ನಮ್ಮ ಸಾಗರದ ರೈಲ್‌ಬಸ್ಸಿನ ಹಳಿಯೂ ಹಿಂಗೇ ಇತ್ತು" ಅಂದಳು.

ಅಷ್ಟು ಹೊತ್ತಿಗೆ ಕೂಪರ್ಟಿನೋ ಗೆಳೆಯ ಬಾಯಿ ಹಾಕಿದ. ಅವನ ಸಂಸಾರವೂ ಬಂದಿತ್ತು, ಕಾರಿನ ಹಿಂದೆ ನಾಲ್ಕು ಸೈಕಲ್ ಕಟ್ಟಿಕೊಂಡು. "ಈ ತುಕ್ಕು ಕಬ್ಬಿಣ ಇನ್ನೂ ಯಾಕೆ ಇಟ್ಕೊಂಡಿದಾರೆ ಮಾರಾಯ? ಕಿತ್ತು ಬಿಸಾಕಿದ್ರೆ ಟ್ರೇಲ್ ಎಷ್ಟು ಅಗಲ ಆಗ್ತಿತ್ತು!"

ಹತ್ತಿರ ಹತ್ತಿರ ಮೂವತ್ತು ಮೈಲಿ ಕಾರಿನಲ್ಲಿ ಬಂದು ಒಂದೂಕಾಲು ಮೈಲಿ ಸೈಕಲ್ ತುಳಿಯುವವನಿಗೆ ರೈಲು ಅಡ್ಡ ಬಂತು ನೋಡಿ.

ಅಲ್ಲ, ಪಕ್ಕದಲ್ಲಿ ಜಾಗ ಇದೆ. ಅವನ ಮಕ್ಕಳು ಅಲ್ಲೇ ಎದುರು ಬದುರು ಸೈಕಲ್ ಹೊಡೆಯುತ್ತಿದ್ದರು. ಮತ್ತೆ ಕೀಳುವ ಆಸೆ ಯಾಕೆ?

ಬೇರೆ ಕಡೆಯವರಿಗೆ ಸ್ವಲ್ಪ ಹಿನ್ನೆಲೆ. ವಾಟ್ಸನ್‌ವಿಲ್ ಪಕ್ಕದ ಪಹಾರೋದಿಂದ ಕಡಲ ಬದಿಯಲ್ಲೇ ಡೇವನ್‌ಪೋರ್ಟ್‌ವರೆಗೆ ಸುಮಾರು 32 ಮೈಲಿ ಹಳಿ ಇದು. ಸ್ಯಾಂಟಾ ಕ್ರೂಜ್‌ವರೆಗಿನ ಭಾಗ 1876ರಲ್ಲಿ ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯಾಗಿ ಶುರುವಾಯಿತು, ಆಮೇಲೆ ಅಗಲ ಮಾಡಿದರು. ಅಂದರೆ ಗೇಜ್ ಬದಲಾವಣೆ ನಮ್ಮೂರಿನ ಸ್ವತ್ತೇನಲ್ಲ. ಡೇವನ್‌ಪೋರ್ಟ್‌ನ ಸಿಮೆಂಟ್ ಕಾರ್ಖಾನೆ 2010ರಲ್ಲಿ ಮುಚ್ಚಿತು, ಗೂಡ್ಸ್ ಗಾಡಿಗೆ ಕೆಲಸ ಹೋಯಿತು. 2012ರಲ್ಲಿ ಕೌಂಟಿಯ ಸಾರಿಗೆ ಆಯೋಗ 1 ಕೋಟಿ 42 ಲಕ್ಷ ಡಾಲರ್ ಕೊಟ್ಟು ಇಡೀ ಹಳಿಯನ್ನು ಯೂನಿಯನ್ ಪೆಸಿಫಿಕ್ ರೈಲು ಕಂಪನಿಯಿಂದ ಕೊಂಡುಕೊಂಡಿತು. ಆ ದುಡ್ಡಿನ ದೊಡ್ಡ ಪಾಲು ಬಂದದ್ದು ಎಲ್ಲಿಂದ? 1990ರಲ್ಲಿ ರಾಜ್ಯದ ಜನ ರೈಲಿಗೆ ಅಂತಲೇ ಓಟು ಹಾಕಿ ತೆಗೆದಿಟ್ಟ ನಿಧಿಯಿಂದ. ರೈಲಿನ ದುಡ್ಡಲ್ಲಿ ಹಳಿ ಕೊಂಡು, ಈಗ ಹಳಿ ಬೇಡ ಅನ್ನುವುದು. ಮದುವೆಗೆ ಅಂತ ಸಾಲ ತಂದು ಬುಲೆಟ್ ಗಾಡಿ ತಗೊಂಡ ಹಾಗೆ.

ಈ ಜಗಳ ಇಲ್ಲಿ ಓಟಿಗೂ ಹೋಗಿತ್ತು. ರೈಲಿನ ಯೋಚನೆ ಬಿಟ್ಟು ಬರೀ ಟ್ರೇಲ್ ಮಾಡಿ ಅನ್ನುವ ಪ್ರಸ್ತಾಪ. ಹೆಸರು ಗ್ರೀನ್‌ವೇ, ಎಷ್ಟು ಚಂದ ಅಲ್ವಾ? 2022ರ ಜೂನ್‌ನಲ್ಲಿ ನೂರಕ್ಕೆ 73 ಜನ ಬೇಡ ಅಂದರು. ಅಷ್ಟಾದರೂ ಆ ಮಾತು ಸಾಯಲಿಲ್ಲ. ಸೋಂಪಿನ ಗಿಡದ ಹಾಗೆ, ಮಳೆ ಬಿದ್ದರೆ ಮತ್ತೆ ಚಿಗುರು.

ಈಗ ತಪ್ಪೊಪ್ಪಿಗೆ. ಆ ಪ್ರಸ್ತಾಪವನ್ನು ಓಟಿಗೆ ತರುವ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ಹೌದು, ನಾನೇ. ಅಂಗಡಿ ಬಾಗಿಲಲ್ಲಿ ಒಬ್ಬ ಅಜ್ಜಿ ಹಲಗೆ ಹಿಡಿದು ನಿಂತಿದ್ದಳು. "ಟ್ರೇಲ್ ಬೇಕಾ?" ಅಂದಳು. ಯಾರಿಗೆ ಬೇಡ? ಕೈಯಲ್ಲಿ ಹಾಲಿನ ಡಬ್ಬ ಇತ್ತು, ಓದದೆ ಗೀಚಿ ಬಂದೆ. ಅದೇ ಹೊತ್ತಿಗೆ, 2021ರ ಅಕ್ಟೋಬರಿನಲ್ಲಿ, ಈ ಹಳಿಯ ಮೇಲೆ ಒಂದು ಸ್ಟ್ರೀಟ್‌ಕಾರ್, ಅಂದರೆ ಟ್ರಾಮ್ ಗಾಡಿ, ಓಡಿಸಿ ತೋರಿಸಿದರು. ಮೇಲೆ ತಂತಿ ಇಲ್ಲ, ಹೊಗೆ ಇಲ್ಲ, ಬ್ಯಾಟರಿ ಮತ್ತು ಹೈಡ್ರೋಜನ್. ಸುಮ್ನೆ ನೋಡೋಣ ಅಂತ ಹತ್ತಿದೆ. ಮನೆಗಳ ಹಿತ್ತಲು, ಬಟ್ಟೆ ಒಣಹಾಕಿದ ಹಗ್ಗ, ಕೈ ಬೀಸುವ ಮಕ್ಕಳು. ನಾನು ಕಿಟಕಿ ಹಿಡಿದು ಕೂತ ನಲವತ್ತೇಳರ ಗಂಡಸು, ಕಣ್ಣಲ್ಲಿ ನೀರು. ಯಾಕೆ ಅಂತ ಆವಾಗ ಗೊತ್ತಾಗಲಿಲ್ಲ. ಓಟಿನಲ್ಲಿ ಮಾತ್ರ ಉಲ್ಟಾ ಹೊಡೆದೆ.

ಯಾಕೆ ಅಂತ ಅಮ್ಮ ಭಾನುವಾರ ಹೇಳಿದಳು. ಒಂದೇ ಡಬ್ಬಿಯ ರೈಲ್‌ಬಸ್ ನೆನಪಿದೆಯಾ ಸಾಗರದವರಿಗೆ? ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪದವರೆಗೆ ಮೀಟರ್ ಗೇಜಿನ ಮೇಲೆ ತೆವಳುತ್ತಿದ್ದ ಆ ಡಬ್ಬಿ. ನಮ್ಮ ಮನೆಯ ಜಗುಲಿಯಲ್ಲೇ ಎಷ್ಟು ಜನ ಅಂದಿಲ್ಲ, "ಖಾಲಿ ಡಬ್ಬ, ದಂಡ, ಮುಚ್ಚಬೇಕು" ಅಂತ. ನನ್ನ ಚಿಕ್ಕಪ್ಪನೇ ಅಂದಿದ್ದ. ಲೆಕ್ಕದಲ್ಲಿ ಅವನು ಸರಿಯೇ ಇದ್ದ ಅನ್ನಿ. ಆದರೆ ಮುಚ್ಚಿ, ಜಾಗ ಹಂಚಿ, ತೋಟ ಮಾಡಿಕೊಂಡಿದ್ದರೆ? 2011ರಲ್ಲಿ ಬ್ರಾಡ್‌ಗೇಜ್ ರೈಲು ತಾಳಗುಪ್ಪಕ್ಕೆ ಬರುತ್ತಿತ್ತಾ? ಆ ಅಡಿಕೆ ತೋಟಗಳ ನಡುವೆ ಹೊಸದಾಗಿ ಜಾಗ ಕೇಳಿದ್ದರೆ ಇವತ್ತಿಗೂ ಕೋರ್ಟಿನಲ್ಲಿ ವಾಯಿದೆ ಬೀಳುತ್ತಿತ್ತು.

ಇದನ್ನೇ ಗೆಳೆಯನಿಗೆ ಹೇಳಿದೆ. ಅವನೂ ಬುದ್ಧಿವಂತ. "ನಿಮ್ಮೂರಲ್ಲೂ ಮೀಟರ್ ಗೇಜ್ ಹಳಿ ಕಿತ್ರಲ್ಲ!" ಅಂದ. ಕಿತ್ತರಪ್ಪ, ದಪ್ಪ ಹಳಿ ಹಾಕಲಿಕ್ಕೆ ಕಿತ್ತರು. ಹಲ್ಲು ಕಟ್ಟಿಸಲಿಕ್ಕೆ ಕೀಳುವುದು ಬೇರೆ, ಬೊಚ್ಚುಬಾಯಿ ಚಂದ ಅಂತ ಕೀಳುವುದು ಬೇರೆ.

ಆಗ ಅವನು ರೈಲ್‌ಬ್ಯಾಂಕಿಂಗ್ ತೆಗೆದ. ಇದು ಇಲ್ಲಿಯ 1983ರ ಕಾನೂನು. ರೈಲು ನಿಂತರೂ ಜಾಗ ಚೂರಾಗದೆ ಉಳಿಯಬೇಕು. ಅದಕ್ಕೆ ಸದ್ಯಕ್ಕೆ ಟ್ರೇಲ್ ಮಾಡಿ, ಮುಂದೆ ರೈಲು ಬೇಕಾದರೆ ವಾಪಸ್ ತನ್ನಿ ಅನ್ನುತ್ತೆ. ಒಳ್ಳೆಯ ಕಾನೂನೇ. ಅದಿಲ್ಲದಿದ್ದರೆ ಅಮೆರಿಕದಲ್ಲಿ ಎಷ್ಟೋ ರೈಲು ದಾರಿ ಪಕ್ಕದ ಜಮೀನಿನವರ ಪಾಲಾಗುತ್ತಿತ್ತು. ಆದರೆ ಹಾಗೆ ಬ್ಯಾಂಕಿನಲ್ಲಿಟ್ಟ ದಾರಿಗೆ ರೈಲು ವಾಪಸ್ ಬಂದದ್ದು ಬೆರಳೆಣಿಕೆ. ಯಾಕೆ ಬರುತ್ತೆ? ಒಂದು ಸಲ ಹಳಿ ಕಿತ್ತು, ಬೆಂಚು ಹಾಕಿ, ಮಕ್ಕಳು ಸೈಕಲ್ ಕಲಿತು, ಪಕ್ಕದ ಮನೆಗಳ ರೇಟು ಏರಿದ ಮೇಲೆ "ನಾಳೆಯಿಂದ ಇಲ್ಲಿ ರೈಲು" ಅನ್ನಿ ನೋಡೋಣ. ಹಲಗೆ ಹಿಡಿದು ಮೊದಲು ನಿಲ್ಲುವವಳು ಅದೇ ಅಜ್ಜಿ. ಬಹುಶಃ ಪಕ್ಕದಲ್ಲಿ ನಾನು.

ದುಡ್ಡಿನ ಮಾತು ಇದೆ, ಒಪ್ಪುತ್ತೇನೆ. 2025ರಲ್ಲಿ ಬಂದ ಅಂದಾಜು ನೋಡಿ ನನಗೂ ಎದೆ ಧಸಕ್ ಅಂತು. ರೈಲು, ಟ್ರೇಲ್ ಎರಡೂ ಸೇರಿ 400 ಕೋಟಿ ಡಾಲರಿಗೂ ಜಾಸ್ತಿ. ಹಳೇ ಸೇತುವೆಗಳಲ್ಲಿ ಬಹುಪಾಲು ಹೊಸದಾಗಿ ಕಟ್ಟಬೇಕಂತೆ. ಕ್ಯಾಪಿಟೋಲಾದ ಹೊಳೆಯ ಮೇಲಿನ ಸೇತುವೆಯಂತೂ ಇಕ್ಕಟ್ಟು. ಅಲ್ಲಿ ರೈಲು, ಸೈಕಲ್ ಎರಡೂ ಹಿಡಿಸುವುದಿಲ್ಲ, ಸೈಕಲ್ಲಿನವರು ಊರಿನ ರಸ್ತೆಗೆ ಇಳಿಯಬೇಕು ಅನ್ನುವುದೇ ಒಂದು ದೊಡ್ಡ ರಾಮಾಯಣ. ಇವೆಲ್ಲ ನಿಜ. ಆದರೆ ನಾನು ನಾಳೆ ರೈಲು ಬಿಡಿ ಅಂದೆನಾ? ದುಡ್ಡಿಲ್ಲವಾ, ಬಿಡಬೇಡಿ. ಹತ್ತು ವರ್ಷ ಬಿಡಬೇಡಿ. ಹಳಿ ಅನ್ನ ಕೇಳುತ್ತಾ? ತುಕ್ಕು ಹಿಡಿದುಕೊಂಡು ಬಿದ್ದಿರುತ್ತೆ, ಸೋಂಪು ಬೆಳೆಸಿಕೊಂಡು. ಜಾಗ ಇರುವ ಕಡೆ ಪಕ್ಕದಲ್ಲಿ ದಾರಿ ಮಾಡಿ, ಇಲ್ಲದ ಕಡೆ ತಲೆ ಓಡಿಸಿ. ಇಲ್ಲದ ರೈಲಿನ ಮೇಲೆ ಇಷ್ಟು ಸಿಟ್ಟು ಯಾಕೆ?

ಮತ್ತೆ ಈ ಟ್ರೇಲ್ ಯಾರಿಗೆ ಅನ್ನುವುದೂ ಇದೆ. ವಾಟ್ಸನ್‌ವಿಲ್ ಕಡೆ ಸ್ಟ್ರಾಬೆರಿ ಹೊಲ, ಕಡಿಮೆ ಬಾಡಿಗೆ. ಅಲ್ಲಿಂದ ದಿನಾ ಬೆಳಿಗ್ಗೆ ಜನ ಸ್ಯಾಂಟಾ ಕ್ರೂಜ್‌ಗೆ ಹೋಟೆಲು, ಆಸ್ಪತ್ರೆ, ಮನೆಗೆಲಸ ಅಂತ ಬರುತ್ತಾರೆ. ಹೆದ್ದಾರಿ 1ರಲ್ಲಿ ಅವರ ಹಿಂದೆಯೋ ಮುಂದೆಯೋ ನಾನೂ ಆಮೆಯ ಹಾಗೆ ಹೋಗುತ್ತಿರುತ್ತೇನೆ. ಹೆಲ್ಮೆಟ್ ಹಾಕಿಕೊಂಡು ದಿನಾ ಅಷ್ಟು ದೂರ ತುಳಿದುಕೊಂಡು ಬನ್ನಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಕೂಪರ್ಟಿನೋದವನಿಗೆ ಇರಬಹುದು.

(ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಮುಂದಿನ ವಾರ ಊಟಕ್ಕೆ ಬಾ. ಅಮ್ಮ ತಂಬುಳಿ ಮಾಡುತ್ತಾಳೆ. ಹಳಿಯ ಮಾತು ಎತ್ತಬೇಡ.)

ವಾಪಸ್ ಬರುವಾಗ ಅಮ್ಮನ ಸೆರಗಿನ ತುದಿಯಲ್ಲಿ ಗಂಟು. ಸೋಂಪಿನ ಬೀಜವಂತೆ, ಸಾಗರದ ಹಿತ್ತಲಿಗೆ. ವಿಮಾನದಲ್ಲಿ ಬಿಡಲ್ಲ ಅಂದರೆ ಕೇಳುತ್ತಿಲ್ಲ.

ಕೊನೆಗೆ ಒಂದು ಉಪಕಾರ. ಅಮ್ಮ ಮುಂದಿನ ತಿಂಗಳು ಬೆಂಗಳೂರಿಗೆ ಇಳಿಯುತ್ತಾಳೆ. ಅಲ್ಲಿಂದ ಸಾಗರಕ್ಕೆ ರಾತ್ರಿಯ ತಾಳಗುಪ್ಪ ರೈಲಿಗೆ ನಿನ್ನೆ ಟಿಕೆಟ್ ನೋಡಿದೆ. ವೇಟಿಂಗ್ ಲಿಸ್ಟ್ 41. ಅದರ ಮಾರನೇ ದಿನದ ಗಾಡಿಗೆ ನೋಡಿದರೆ ಅದೂ ವೇಟಿಂಗ್. ಖಾಲಿ ಡಬ್ಬ ಅಂದಿದ್ದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಆ ಗಾಡಿಗೆ ಲೋವರ್ ಬರ್ತ್ ಎಲ್ಲಿ ಸಿಗ್ತದೆ ಮಾರಾಯ, ಎರಡು ತಿಂಗಳ ಮುಂಚೆ ಮಾಡ್ಬೇಕಿತ್ತು" ಅಂತ ನನಗೇ ಬೈದ. ಬೇರೆ ದಾರಿ ಗೊತ್ತಿದ್ದವರು ಇನ್‌ಬಾಕ್ಸಿಗೆ ಬನ್ನಿ. ಬಸ್ಸು ಬೇಡ, ಅವಳಿಗೆ ವಾಂತಿ ಬರುತ್ತೆ.