ಕೊಡಗಿನವನ ಕಣ್ಣಿಗೆ ಕಂಡ ಎಸ್ಟೋನಿಯಾದ ಸೇನೆ

ಕಳೆದ ಮೇ ತಿಂಗಳ ಒಂದು ಭಾನುವಾರ ಎಸ್ಟೋನಿಯಾದ ರಾಜಧಾನಿ ತಾಲಿನ್‌ನ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲ ಪಕ್ಕದಲ್ಲಿ ಹಸಿರು ಬಣ್ಣದ ದೊಡ್ಡ ಚೀಲವೊಂದು ಕಟ್ಟಿ ಸಿದ್ಧವಾಗಿತ್ತು. ಅದರ ಮೇಲೆ ಉಣ್ಣೆಯ ಕಾಲುಚೀಲ, ಕೆಳಗೆ ಎಣ್ಣೆ ಹಚ್ಚಿ ಒರೆಸಿದ ಬೂಟು. ಕಚೇರಿಯಲ್ಲಿ ತಂತ್ರಾಂಶ ಬರೆಯುವ ಅವರು ಮೀಸಲು ಪಡೆಯ ಮಾರ್ಟರ್ ತಂಡವೊಂದರ ಮುಖ್ಯಸ್ಥರೂ ಹೌದೆಂದು ನನಗೆ ತಿಳಿದದ್ದು ಆಗಲೇ. 'ಕೆವಾದ್‌ತೋರ್ಮ್', ಅಂದರೆ ವಸಂತದ ಬಿರುಗಾಳಿ ಎಂಬ ವಾರ್ಷಿಕ ಸಮರಾಭ್ಯಾಸಕ್ಕೆ ಅವರಿಗೆ ಕರೆ ಬಂದಿತ್ತು.

ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ಊರಿನಲ್ಲಿ ಬೆಳೆದವನಿಗೆ ಮನೆಯೊಳಗಿನ ಆಯುಧ ಹೊಸದಲ್ಲ. ಕೊಡಗಿನಲ್ಲಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇಂದಿಗೂ ಇದೆ. ಆದರೆ ನಮ್ಮಲ್ಲಿ ಕೋವಿ ಕುಲದ ಗೌರವ. ದೇಶದ ರಕ್ಷಣೆ ಸೇನೆಗೆ ಸೇರಿದವರ ಕೆಲಸ. ಇಲ್ಲಿ 1918ರಲ್ಲಿ ಹುಟ್ಟಿ, ಸೋವಿಯತ್ ಆಳ್ವಿಕೆಯಲ್ಲಿ ಅಳಿಸಿಹೋಗಿ, 1990ರಲ್ಲಿ ಮತ್ತೆ ತಲೆಯೆತ್ತಿದ 'ಕೈತ್ಸೆಲೀಟ್' ಎಂಬ ಸ್ವಯಂಸೇವಾ ರಕ್ಷಣಾ ಪಡೆಯ ಸದಸ್ಯರು ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು, ಕರೆ ಬಂದೊಡನೆ ತಮ್ಮ ಊರನ್ನೇ ಕಾಯಲು.

ಎಸ್ಟೋನಿಯಾದ ಜನಸಂಖ್ಯೆ 14 ಲಕ್ಷಕ್ಕೂ ಕಡಿಮೆ. ವಿಸ್ತೀರ್ಣ ಕರ್ನಾಟಕದ ಕಾಲು ಭಾಗವೂ ಇಲ್ಲ. 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಮರಳಿದಾಗ ಅದಕ್ಕೆ ತನ್ನದೆನ್ನುವ ಸೇನೆ ಇರಲಿಲ್ಲ, ನೆಲದ ಮೇಲೆ ಪರರ ಸೇನೆ ಇತ್ತು. ಕೊನೆಯ ರಷ್ಯನ್ ತುಕಡಿಗಳು ಹೊರಟದ್ದು 1994ರ ಆಗಸ್ಟ್ 31ರಂದು. 2004ರಲ್ಲಿ ನ್ಯಾಟೋ ಸೇರಿದ ಮೇಲೂ ಈ ದೇಶ ಕಡ್ಡಾಯ ಸೈನಿಕ ತರಬೇತಿಯನ್ನು ಕೈಬಿಡಲಿಲ್ಲ. ನೆರೆಯ ಲಾಟ್ವಿಯಾ, ಲಿಥುವೇನಿಯಾ ಎರಡೂ ಅದನ್ನು ಕೈಬಿಟ್ಟು, ಅಪಾಯ ಹತ್ತಿರ ಬಂದ ಮೇಲೆ ಮರಳಿ ತಂದವು. ಎಸ್ಟೋನಿಯಾದ ಈ ಹಟವೇ ಅದರ ಅತಿ ದೊಡ್ಡ ರಕ್ಷಣಾ ಸುಧಾರಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಂತಿಕಾಲದಲ್ಲಿ ಸಮವಸ್ತ್ರದಲ್ಲಿರುವವರು ಕೆಲವೇ ಸಾವಿರ ಮಂದಿಯಾದರೂ ಯುದ್ಧಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಜನರಿಗೆ ಹೋಗಬೇಕಾದ ಜಾಗ, ಹಿಡಿಯಬೇಕಾದ ಆಯುಧ ಮೊದಲೇ ಗೊತ್ತಾಗಿದೆ. ಮುನ್ಸೂಚನೆಯಿಲ್ಲದೆ ಕರೆಯುವ 'ಓಕಾಸ್' ಎಂಬ ಪರೀಕ್ಷೆಯಲ್ಲಿ ಅವರು ಎಷ್ಟು ಬೇಗ ಬಂದು ಸೇರುತ್ತಾರೆಂದು ಅಳೆಯುತ್ತಾರೆ.

ನಮ್ಮ ಮಾಧ್ಯಮಗಳಲ್ಲಿ ಸೇನಾಬಲವೆಂದರೆ ವಿಮಾನ, ಟ್ಯಾಂಕು, ಕ್ಷಿಪಣಿಗಳ ಎಣಿಕೆ. ಆ ಲೆಕ್ಕದಲ್ಲಿ ಎಸ್ಟೋನಿಯಾಕ್ಕೆ ಸಿಗುವ ಅಂಕ ತೀರಾ ಕಡಿಮೆ. ಅದಕ್ಕೆ ಸ್ವಂತ ಯುದ್ಧವಿಮಾನವೂ ಇಲ್ಲ, ಯುದ್ಧಟ್ಯಾಂಕೂ ಇಲ್ಲ. ಆಕಾಶವನ್ನು ಆಮಾರಿ ವಾಯುನೆಲೆಯಿಂದ ಮಿತ್ರರಾಷ್ಟ್ರಗಳ ವಿಮಾನಗಳು ಕಾಯುತ್ತವೆ, ತಾಪಾದಲ್ಲಿ ಬ್ರಿಟನ್ ನೇತೃತ್ವದ ಪಡೆ ಬೀಡುಬಿಟ್ಟಿದೆ. ಖರೀದಿಯ ಹಣದಲ್ಲಿ ದೊಡ್ಡ ಪಾಲು ದೂರಕ್ಕೆ ಹೊಡೆಯುವ ಫಿರಂಗಿಗಳಿಗೆ, ಹೈಮಾರ್ಸ್ ರಾಕೆಟ್‌ಗಳಿಗೆ, ಮದ್ದುಗುಂಡುಗಳಿಗೆ ಹೋಗುತ್ತಿದೆ. ದಕ್ಷಿಣ ಕೊರಿಯಾದಿಂದ ತರಿಸಿದ ಕೆ-9 ಫಿರಂಗಿಗೆ ಇವರು 'ಕೋಉ' ಎಂದು ಹೆಸರಿಟ್ಟಿದ್ದಾರೆ, ಎಂದರೆ ಗುಡುಗು. ಗುಜರಾತಿನ ಹಜೀರಾದಲ್ಲಿ ತಯಾರಾಗುವ ಅದೇ ಫಿರಂಗಿಗೆ ನಾವಿಟ್ಟ ಹೆಸರು ವಜ್ರ. ತನ್ನಲ್ಲಿದ್ದ ಹಳೆಯ 155 ಮಿಲಿಮೀಟರ್ ಎಳೆಯುವ ಫಿರಂಗಿಗಳಷ್ಟನ್ನೂ 2023ರಲ್ಲಿ ಉಕ್ರೇನಿಗೆ ಕೊಡಲು ಈ ಪುಟ್ಟ ದೇಶ ನಿರ್ಧರಿಸಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಇದಕ್ಕೆಲ್ಲ ತೆರುವ ಬೆಲೆ ದೊಡ್ಡದು. 2026ರಿಂದ ರಾಷ್ಟ್ರೀಯ ಉತ್ಪನ್ನದ 5% ಮೀರಿದ ಪಾಲು ರಕ್ಷಣೆಗೆ ಹೋಗುತ್ತದೆ. ಭಾರತದಲ್ಲಿ ಅದು ಸುಮಾರು 2%. ಮೌಲ್ಯವರ್ಧಿತ ತೆರಿಗೆ 24%ಕ್ಕೆ ಏರಿದೆ, ಅಂಗಡಿಯಲ್ಲಿ ಬ್ರೆಡ್ಡು, ಹಾಲು ಕೊಳ್ಳುವಾಗಲೂ ಅದು ತಾಕುತ್ತದೆ. ನೂರನಲವತ್ತು ಕೋಟಿ ಜನರ ನಮ್ಮ ದೇಶಕ್ಕೆ ಕಡ್ಡಾಯ ಸೇವೆ ಬೇಕೆಂದು ನಾನು ಹೇಳುತ್ತಿಲ್ಲ. ಸ್ವಇಚ್ಛೆಯಿಂದ ಸೇರುವವರು ನಮಗೆ ಸಾಕಷ್ಟಿದ್ದಾರೆ. ಆದರೆ ಪ್ರವಾಹ ಬಂದಾಗ, ಗುಡ್ಡ ಕುಸಿದಾಗ, 2018ರ ಮಳೆಗಾಲದಲ್ಲಿ ನಮ್ಮ ಕೊಡಗು ಕಂಡಂತೆ, ಯಾರು ಎಲ್ಲಿಗೆ ಹೋಗಬೇಕೆಂಬುದು ಪ್ರತಿ ಊರಿನಲ್ಲೂ ಮೊದಲೇ ಗೊತ್ತಿರಬಾರದೇಕೆ?

ಭಾಷೆಯ ವಿಷಯವೂ ನನ್ನನ್ನು ಕಾಡುತ್ತದೆ. ನಮ್ಮ ಹುಡುಗರು ಸೇನೆಗೆ ಸೇರಿದರೆ ಹಿಂದಿ ಕಲಿಯುತ್ತಾರೆ. ಇಲ್ಲಿ, ರಷ್ಯಾದ ಕೋಟೆ ನದಿಯಾಚೆಗೇ ಕಾಣುವ ನಾರ್ವಾದಂಥ ಊರುಗಳಿಂದ ಬರುವ, ಮನೆಯಲ್ಲಿ ರಷ್ಯನ್ ಆಡುವ ಹುಡುಗರು ಸೇನೆಯಲ್ಲಿ ಎಸ್ಟೋನಿಯನ್ ಕಲಿಯುತ್ತಾರೆ. ಎರಡು ವಾರದ ನಂತರ ಬಿಸಿಲಿಗೆ ಕೆಂಪಾದ ಮುಖದೊಂದಿಗೆ ಮರಳಿದ ನನ್ನ ಸಹೋದ್ಯೋಗಿಯನ್ನು ಅಭ್ಯಾಸ ಹೇಗಿತ್ತೆಂದು ಕೇಳಿದೆ. ಅವರು ಫಿರಂಗಿಯ ಮಾತೆತ್ತಲಿಲ್ಲ. ನಾರ್ವಾದ ಇಪ್ಪತ್ತರ ಹುಡುಗನೊಬ್ಬ ಮಳೆಯಲ್ಲಿ ನೆನೆಯುತ್ತಲೇ, ಒಂದು ಅಂಕಿಯೂ ತಪ್ಪದಂತೆ, ಎಸ್ಟೋನಿಯನ್‌ನಲ್ಲಿ ಗುರಿಯ ಲೆಕ್ಕ ಒಪ್ಪಿಸಿದ್ದನ್ನು ಹೇಳಿದರು.